ಯಾರು ಕೊಂಡಾರು?

(ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ಅಡಿಕೆ ಬೆಳೆಗಾರರೊಬ್ಬರಿಗೂ ಬೆಂಗಳೂರಿನ ಅಂತರ್ಜಾಲ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿರುವ ಅವರ ತಮ್ಮನ ಮಗನಿಗೂ ಕೊಯ್ಲಿನ ಕಾಲದಲ್ಲಿ ನಡೆದ ಸಂವಾದ)

ತರುಣ: ದೊಡ್ಡಪ್ಪ, ರಜೆ ಹಾಕಿ ಊರಿಗೆ ಬಂದಿದ್ದರೂ ನನ್ನ ಮನಸ್ಸು ಇನ್ನೂ ಬೆಂಗಳೂರಿನಲ್ಲಿಯೇ ಇದೆ. ನಾನು ಕೆಲಸ ಮಾಡುತ್ತಿರುವ ಕಂಪನಿಯನ್ನು ಮಾರುತ್ತಾರಂತೆ. ಯಾರು ಕೊಳ್ಳುತ್ತಾರೆಂಬುದನ್ನು ಬಲ್ಲವರು ಒಬ್ಬರೂ ಇಲ್ಲ, ಊಹಿಸದವರೂ ಒಬ್ಬರಿಲ್ಲ. ಊಟಕ್ಕೆ ಕುಳಿತಲ್ಲಿ, ಮನೆಗೆ ಮರಳುವ ಬಸ್ಸಿನಲ್ಲಿ, ಎಲ್ಲೆಡೆಯೂ ಇದೊಂದೇ ಮಾತು.

ಹಿರಿಯರು: ನಿಮ್ಮ ಕಂಪನಿಯೆಂದರೆ ನನ್ನ ಫೋನಿನೊಳಗೆ ನೀನೇ ಹಾಕಿಕೊಟ್ಟ ಆ ಆ್ಯಪ್ ನಡೆಸುವವರಲ್ಲವೆ? ಶಿವಮೊಗ್ಗ, ಚನ್ನಗಿರಿ, ಶಿರಸಿಯ ಧಾರಣೆಯನ್ನು ದಿನವೂ ಅದರಲ್ಲಿಯೇ ನೋಡುತ್ತೇನೆ. ಯಾವ ತೋಟಕ್ಕೆ ಎಂದು ಗೊಬ್ಬರ ಹಾಕಿಸಿದೆ, ಎಷ್ಟು ಕ್ವಿಂಟಲ್ ಹಸಿ ಅಡಿಕೆ ಇಳಿಯಿತು, ಕೂಲಿಗೆ ಎಷ್ಟು ಹೋಯಿತು, ಯಾರಲ್ಲಿ ಎಷ್ಟು ಸಾಲವಿದೆ ಎಂಬ ಲೆಕ್ಕವನ್ನೆಲ್ಲ ಅದರಲ್ಲಿಯೇ ಬರೆದಿಡುತ್ತ ಬಂದಿದ್ದೇನೆ. ಹಾಗಿರುವಾಗ ಇದು ನಿನ್ನೊಬ್ಬನ ಚಿಂತೆಯಲ್ಲ, ನನ್ನದೂ ಹೌದು. ಜನರು ಏನೆಂದು ಊಹಿಸುತ್ತಾರೆ?

ತರುಣ: ಹೆಚ್ಚಿನವರದು ಹಣದ ಲೆಕ್ಕ. ಯಾವ ಸಂಸ್ಥೆಯ ಭಂಡಾರದಲ್ಲಿ ಅಧಿಕ ಧನವಿದೆಯೋ, ಯಾವುದರ ಹೆಸರು ದಿನವೂ ಪತ್ರಿಕೆಗಳ ವಾಣಿಜ್ಯಪುಟದಲ್ಲಿ ಕಾಣಿಸುವುದೋ ಅದೇ ಕೊಳ್ಳುವುದೆನ್ನುತ್ತಾರೆ. ಒಬ್ಬನು ರಿಲಯನ್ಸ್ ಎಂದರೆ ಇನ್ನೊಬ್ಬನು ಟಾಟಾ ಎನ್ನುತ್ತಾನೆ. ಮೂರನೆಯವನು ಅಮೆಜಾನ್ ಎಂದು ಪಂಥ ಕಟ್ಟುತ್ತಾನೆ.

ಹಿರಿಯರು: ಧನವು ಕೊಳ್ಳುವ ಸಾಮರ್ಥ್ಯವೇ ಹೊರತು ಕೊಳ್ಳುವುದಕ್ಕೆ ಕಾರಣವಲ್ಲ, ಮಗು. ನಮ್ಮ ಸೀಮೆಯಲ್ಲಿ ಅಡಿಕೆಯ ಫಸಲನ್ನು ಖೇಣಿಗೆ, ಎಂದರೆ ಮರದ ಮೇಲಿರುವಾಗಲೇ ಗುತ್ತಿಗೆಗೆ, ಕೊಡುವುದನ್ನು ನೀನು ಬಾಲ್ಯದಿಂದ ಕಂಡಿದ್ದೀಯೆ. ತೋಟವನ್ನು ನೋಡಿಹೋದ ಖೇಣಿದಾರರಲ್ಲಿ ಯಾರು ಮೇಲಿನ ಬೆಲೆಗೆ ಒಪ್ಪುವರೆಂದು ಊರವರು ಮಾತಾಡಿಕೊಳ್ಳುವಾಗ ಯಾರ ಬಳಿ ಎಷ್ಟು ದುಡ್ಡಿದೆಯೆಂದು ಎಣಿಸುತ್ತ ಕೂಡುವುದಿಲ್ಲ. ಒಲೆ ಹೂಡಿ, ಸುಲಿಯುವ ಯಂತ್ರ ತಂದು, ಕೂಲಿಯವರಿಗೆ ಮುಂಗಡ ಕೊಟ್ಟು, ಬೇಯಿಸುವುದಕ್ಕೆ ಸಾಕಷ್ಟು ಹಸಿ ಅಡಿಕೆ ದೊರೆಯದೆ ಕುಳಿತಿರುವವನು ಯಾರು ಎಂದು ಮೊದಲು ನೋಡುತ್ತಾರೆ. ಅಂಥವನಿಲ್ಲದಿದ್ದರೆ, ಎದುರಾಳಿಯು ಈ ತೋಟದೊಳಕ್ಕೆ ಕಾಲಿಡುವುದನ್ನು ಸಹಿಸಲಾರದವನು ಯಾರು ಎಂದು ನೋಡುತ್ತಾರೆ. ಮೊದಲನೆಯವನನ್ನು ಕರೆತರುವುದು ಕೊರತೆ. ಎರಡನೆಯವನನ್ನು ಕರೆತರುವುದು ಭಯ. ಈ ಎರಡೂ ಇಲ್ಲದವನು ಎಷ್ಟೇ ಸಿರಿವಂತನಾಗಿರಲಿ, ತೋಟ ಚೆನ್ನಾಗಿದೆಯೆಂದು ಹೊಗಳಿ, ಎಲೆ ಅಡಿಕೆ ಹಾಕಿಕೊಂಡು, ಎದ್ದು ಹೋಗುತ್ತಾನೆ.

ತರುಣ: ಸಾವಿರ ಕೋಟಿಗಳ ವ್ಯವಹಾರಕ್ಕೂ ಈ ಮಾತು ಸಲ್ಲುವುದೋ ಇಲ್ಲವೋ ಫ್ಲಿಪ್‌ಕಾರ್ಟಿನ ಪ್ರಸಂಗವನ್ನಿಟ್ಟು ನೋಡೋಣ, ಏಕೆಂದರೆ ಕನ್ನಡನಾಡಿನಲ್ಲಿ ಯಾರು ಕೊಂಡಾರೆಂಬ ಊಹಾಪೋಹವು ಅಷ್ಟು ದೊಡ್ಡದಾಗಿ ನಡೆದದ್ದು ಇನ್ನೊಂದಿಲ್ಲ. 2007ರ ಅಕ್ಟೋಬರಿನಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು, ಮನೆತನದ ಹೆಸರು ಒಂದೇ ಆದರೂ ಬಂಧುಗಳಲ್ಲದವರು, ಅಮೆಜಾನಿನ ಬೆಂಗಳೂರು ಕಚೇರಿಯ ಕೆಲಸವನ್ನು ಬಿಟ್ಟು, ಕೋರಮಂಗಲದ ಒಂದು ವಸತಿಯಲ್ಲಿ ಪುಸ್ತಕಗಳ ಮಾರಾಟದಿಂದ ಆ ಅಂತರ್ಜಾಲ ಅಂಗಡಿಯನ್ನು ಆರಂಭಿಸಿದರು. ಮೊದಲನೆಯ ಪುಸ್ತಕ ಹೋದದ್ದು ಮೆಹಬೂಬ್‌ನಗರಕ್ಕೆ. ಸರಕು ಕೈಗೆ ಬಂದ ಮೇಲೆ ಹಣ ಕೊಡಬಹುದೆಂಬ ಪದ್ಧತಿಯನ್ನು 2010ರಲ್ಲಿ ತಂದ ಮೇಲೆ, ಬ್ಯಾಂಕಿನ ಕಾರ್ಡನ್ನು ನಂಬದ ಸಾಮಾನ್ಯ ಗೃಹಸ್ಥನೂ ಅವರ ಗಿರಾಕಿಯಾದನು. 2014ರಲ್ಲಿ ಬಟ್ಟೆಬರೆಗಳ ಮಿಂತ್ರವನ್ನು ಕೊಂಡರು. ಅಷ್ಟರಲ್ಲಿ, 2013ರ ಜೂನಿನಲ್ಲಿ, ಅಮೆಜಾನ್ ತಾನೇ ಭಾರತದಲ್ಲಿ ಅಂಗಡಿ ತೆರೆದಿತ್ತು. ಮೊದಲು 200 ಕೋಟಿ ಡಾಲರು, ಆಮೇಲೆ ಇನ್ನೂ 300 ಕೋಟಿ ಡಾಲರು ತೊಡಗಿಸುವೆನೆಂದು ಸಾರಿತು. 2018ರ ಮೊದಲ ತಿಂಗಳುಗಳಲ್ಲಿ ಫ್ಲಿಪ್‌ಕಾರ್ಟ್ ಮಾರಾಟಕ್ಕಿದೆಯೆಂಬ ಸುದ್ದಿ ಹಬ್ಬಿದಾಗ ಅಮೆಜಾನ್ ಕೊಳ್ಳುವುದೋ, ಅಮೆರಿಕದ ಇನ್ನೊಂದು ಮಹಾ ವ್ಯಾಪಾರಸಂಸ್ಥೆಯಾದ ವಾಲ್‌ಮಾರ್ಟ್ ಕೊಳ್ಳುವುದೋ ಎಂದು ದೇಶವೆಲ್ಲ ಚರ್ಚಿಸಿತು.

ಹಿರಿಯರು: ಆ ಇಬ್ಬರಲ್ಲಿ ಕೊರತೆ ಯಾರದು, ಭಯ ಯಾರದು?

ತರುಣ: ನೀವು ಹಾಗೆ ಕೇಳಿದ ಮೇಲೆ ಉತ್ತರ ನಿಚ್ಚಳವಾಗಿದೆ. ಅಮೆಜಾನಿಗೆ ಇಲ್ಲಿ ಗೋದಾಮುಗಳಿದ್ದುವು, ಗಿರಾಕಿಗಳಿದ್ದರು, ಸರಕು ತಲುಪಿಸುವವರಿದ್ದರು. ಇಲ್ಲದಿದ್ದುದು ನೆಮ್ಮದಿಯೊಂದೇ: ಈ ಸಂಸ್ಥೆ ತನ್ನ ಹಳೆಯ ವೈರಿಯ ಪಾಲಾದೀತೆಂಬ ಅಂಜಿಕೆ. ವಾಲ್‌ಮಾರ್ಟಿನದು ಶುದ್ಧ ಕೊರತೆ. 2007ರಲ್ಲಿ ಭಾರ್ತಿ ಸಮೂಹದ ಜೊತೆಗೂಡಿ ಭಾರತಕ್ಕೆ ಬಂದು, 2009ರಲ್ಲಿ ಅಮೃತಸರದಲ್ಲಿ ಮೊದಲ ಸಗಟು ಮಳಿಗೆಯನ್ನು ತೆರೆದಿದ್ದರೂ, ನಾನಾ ಬಗೆಯ ಸರಕುಗಳನ್ನಿಡುವ ಚಿಲ್ಲರೆ ಅಂಗಡಿಯನ್ನು ವಿದೇಶೀಯರು ಸ್ವತಂತ್ರವಾಗಿ ನಡೆಸಲು ನಮ್ಮ ಕಾನೂನು ಎಡೆಗೊಡದಿದ್ದುದರಿಂದ, ಅದು ಕಿರಾಣಿಯವರಿಗೆ ಸಗಟಾಗಿ ಮಾರುತ್ತ ಉಳಿಯಿತು. ಭಾರ್ತಿಯೊಡನಿದ್ದ ಸಂಬಂಧವೂ 2013ರಲ್ಲಿ ಕಡಿಯಿತು. ದೇಶದ ಗೃಹಸ್ಥನ ಮನೆಯ ಬಾಗಿಲಿಗೆ ಹೋಗಲು ಅದಕ್ಕೆ ಬೇರೆ ದಾರಿಯೇ ಇರಲಿಲ್ಲ. ಕಡೆಗೆ 2018ರ ಮೇ 9ರಂದು, 1,600 ಕೋಟಿ ಡಾಲರುಗಳನ್ನು, ಎಂದರೆ ಒಂದು ಲಕ್ಷ ಕೋಟಿ ರೂಪಾಯಿಗೂ ಮಿಕ್ಕ ಹಣವನ್ನು ಕೊಟ್ಟು, ಶೇಕಡ 77ರಷ್ಟು ಪಾಲನ್ನು ವಾಲ್‌ಮಾರ್ಟ್ ಕೊಂಡಿತು. ಅಧಿಕೃತ ಪ್ರಕಟಣೆಗೆ ಕೆಲವು ಗಂಟೆಗಳ ಮುಂಚೆಯೇ, ಟೋಕಿಯೊದಲ್ಲಿ ತಮ್ಮ ಸಂಸ್ಥೆಯ ಲೆಕ್ಕ ಒಪ್ಪಿಸುತ್ತಿದ್ದ, ಫ್ಲಿಪ್‌ಕಾರ್ಟಿನಲ್ಲಿ ಪಾಲು ಹೊಂದಿದ್ದ ಸಾಫ್ಟ್‌ಬ್ಯಾಂಕಿನ ಮಸಾಯೋಷಿ ಸನ್ ಬಾಯಿಬಿಟ್ಟದ್ದರಿಂದ ಜಗತ್ತಿಗೆ ವಿಷಯ ತಿಳಿಯಿತು.

ಹಿರಿಯರು: ಅಮೆಜಾನ್ ಹೆಚ್ಚಿನ ಬೆಲೆ ಕೊಟ್ಟಿದ್ದರೆ?

ತರುಣ: ಕೊಡಲು ಸಿದ್ಧವಿತ್ತೆಂದು ಆಗಿನ ವರದಿಗಳಿದ್ದುವು. ಆದರೆ ಭಾರತೀಯ ಸ್ಪರ್ಧಾ ಆಯೋಗವೆಂಬ ಬಾಗಿಲೊಂದನ್ನು ದಾಟಬೇಕಾಗಿತ್ತು. ಮಾರುಕಟ್ಟೆಯ ಅತಿ ದೊಡ್ಡ ಎರಡು ಅಂಗಡಿಗಳು ಒಂದಾಗುವುದನ್ನು ಆಯೋಗವು ಸುಲಭವಾಗಿ ಒಪ್ಪಲಾರದೆಂಬುದು ಮಾರುವವರಿಗೆ ಗೊತ್ತಿತ್ತು. ವರ್ಷಗಟ್ಟಲೆ ಕಾದು ಕೊನೆಗೆ ಇಲ್ಲವೆನ್ನಿಸಿಕೊಳ್ಳುವ ಬೆಲೆಗಿಂತ ಮೂರೇ ತಿಂಗಳಿನಲ್ಲಿ ಕೈಗೆ ಬರುವ ಬೆಲೆ ಲೇಸು. ವಾಲ್‌ಮಾರ್ಟಿಗೆ ಆಯೋಗದ ಒಪ್ಪಿಗೆ ಆಗಸ್ಟ್ 8ರಂದೇ ದೊರೆಯಿತು. ಭಯದಿಂದ ಕೊಳ್ಳುವವನಿಗೆ ಕಾನೂನು ಯಾವಾಗಲೂ ಅಡ್ಡ ಬರುವ ಸಂಭವವುಂಟೆಂದು ನನಗೆ ಈಗ ಹೊಳೆಯುತ್ತಿದೆ. ಎದುರಾಳಿಯಲ್ಲದವನು ಹೆದರುವುದಿಲ್ಲ, ಎದುರಾಳಿಯಾದವನನ್ನು ಆಯೋಗವು ಸುಲಭವಾಗಿ ಬಿಡುವುದಿಲ್ಲ.

ಹಿರಿಯರು: ಮಾರುವವರು ಎಂದೆಯಲ್ಲ, ಆ ಇಬ್ಬರು ಹುಡುಗರೇ?

ತರುಣ: ಅಲ್ಲ ದೊಡ್ಡಪ್ಪ. ಮಾರಾಟದ ಹೊತ್ತಿಗೆ ಅವರಿಬ್ಬರ ಪಾಲು ಕೂಡಿದರೂ ಶೇಕಡ 10ರ ಆಸುಪಾಸಿನಲ್ಲಿತ್ತು. ಉಳಿದದ್ದೆಲ್ಲ ಅಮೆರಿಕದ ಟೈಗರ್ ಗ್ಲೋಬಲ್, ಜಪಾನಿನ ಸಾಫ್ಟ್‌ಬ್ಯಾಂಕ್, ದಕ್ಷಿಣ ಆಫ್ರಿಕದ ನ್ಯಾಸ್ಪರ್ಸ್, ಚೀನದ ಟೆನ್ಸೆಂಟ್ ಮೊದಲಾದ ಹೂಡಿಕೆದಾರರದು. ನ್ಯಾಸ್ಪರ್ಸ್ 2012ರಿಂದ ಹಾಕುತ್ತ ಬಂದದ್ದು 61.6 ಕೋಟಿ ಡಾಲರು. ಹೊರಬರುವಾಗ ಕೈಗೆ ಬಂದದ್ದು 220 ಕೋಟಿ. ಕಂಪನಿಯ ನೋಂದಣಿಯೂ ಸಿಂಗಾಪುರದಲ್ಲಿತ್ತು. ಹೂಡಿಕೆದಾರನು ಹಣ ಹಾಕುವ ದಿನದಿಂದಲೇ ಹೊರಬರುವ ದಿನವನ್ನು ಎಣಿಸುತ್ತಿರುತ್ತಾನೆ. ಏಕೆಂದರೆ ಅವನು ತಂದ ಹಣವೂ ಬೇರೆಯವರದು, ಗೊತ್ತಾದ ವರ್ಷಗಳೊಳಗೆ ಲಾಭದೊಡನೆ ಹಿಂದಿರುಗಿಸತಕ್ಕದ್ದು. ಆದ್ದರಿಂದ ಇಂಥ ಕಂಪನಿಯ ಮಾರಾಟವು ಪತ್ರಿಕೆಯಲ್ಲಿ ಬರುವ ದಿನ ನಡೆಯುವುದಲ್ಲ. ದೊಡ್ಡ ಹಣ ಒಳಬಂದಾಗಲೇ ಮುಕ್ಕಾಲು ಪಾಲು ನಡೆದುಹೋಗಿರುತ್ತದೆ.

ಹಿರಿಯರು: ಇದು ಬಹು ಮುಖ್ಯವಾದ ಮಾತು. ಇದನ್ನು ನಿನ್ನ ಸಂಗಡಿಗರಿಗೂ ಹೇಳು. ಯಾರು ಕೊಂಡಾರೆಂದು ಕೇಳುವ ಮುನ್ನ, ಈಗ ಹಿಡಿದಿರುವವರು ಯಾರು, ಅವರ ಗಡುವು ಎಂದಿಗೆ ಎಂದು ಕೇಳಬೇಕು. ಇರಲಿ, ಕೊಂಡ ಮೇಲೆ ಏನಾಯಿತು?

ತರುಣ: ಅಂಗಡಿ ನಡೆಯುತ್ತಲೇ ಇದೆ. ಸಚಿನ್ ಬನ್ಸಲ್ ಮಾರಾಟದೊಡನೆಯೇ ಹೊರಟರು. ಬಿನ್ನಿ ಬನ್ಸಲ್ ಅದೇ ವರ್ಷದ ನವೆಂಬರಿನಲ್ಲಿ ಹುದ್ದೆಯನ್ನು ಬಿಟ್ಟರು. ಡಿಸೆಂಬರ್ 26ರಂದು ಕೇಂದ್ರ ಸರ್ಕಾರವು ವಿದೇಶೀ ಬಂಡವಾಳದ ನಿಯಮಗಳನ್ನು ಬಿಗಿಗೊಳಿಸಿ, ಇಂಥ ಮಾರುಕಟ್ಟೆಗಳು ತಾವೇ ಪಾಲು ಹೊಂದಿರುವ ವರ್ತಕರ ಸರಕನ್ನು ತಮ್ಮಲ್ಲಿ ಮಾರಬಾರದೆಂದಿತು. ವಾಲ್‌ಮಾರ್ಟಿಗೆ ಅದೊಂದು ಪೆಟ್ಟು. ಆದರೂ ಹೆಸರು, ಗೋದಾಮು, ಜನ, ಎಲ್ಲವೂ ಉಳಿದುವು.

ಹಿರಿಯರು: ಕೊರತೆಯಿಂದ ಕೊಂಡವನು ಕಾಪಾಡಿಕೊಳ್ಳುತ್ತಾನೆ. ತನಗಿಲ್ಲದ್ದನ್ನು ತಂದುಕೊಂಡ ಮೇಲೆ ಅದನ್ನು ಕೆಡವುವವನಾರು? ಭಯದಿಂದ ಕೊಂಡವನು ಏನು ಮಾಡುತ್ತಾನೆಂಬುದಕ್ಕೆ ನಿನ್ನ ಬಳಿ ದೃಷ್ಟಾಂತವುಂಟೆ?

ತರುಣ: ಉಂಟು, ಅದೂ ಬೆಂಗಳೂರಿನದೇ. 2011ರಲ್ಲಿ ರಘುನಂದನ್, ಅಪ್ರಮೇಯ ರಾಧಾಕೃಷ್ಣ ಎಂಬ ಇಬ್ಬರು ಟ್ಯಾಕ್ಸಿಫಾರ್‌ಶ್ಯೂರ್ ಎಂಬ ಬಾಡಿಗೆ ಕಾರಿನ ವ್ಯವಸ್ಥೆಯನ್ನು ಕಟ್ಟಿದರು. ಓಲಾ ಮತ್ತು ಊಬರ್ ಎರಡೂ ಸವಾರರಿಗೆ ರಿಯಾಯಿತಿ, ಚಾಲಕರಿಗೆ ಬಹುಮಾನವೆಂದು ಹಣವನ್ನು ನೀರಿನಂತೆ ಚೆಲ್ಲುತ್ತಿದ್ದ ಕಾಲ ಅದು. ಮೂರನೆಯವರಿಗೆ ನಿಲ್ಲುವುದು ಕಷ್ಟವಾಯಿತು. 2015ರ ಮಾರ್ಚಿನಲ್ಲಿ ಓಲಾ 20 ಕೋಟಿ ಡಾಲರಿಗೆ ಅದನ್ನು ಕೊಂಡು, ಪ್ರತ್ಯೇಕವಾಗಿಯೇ ನಡೆಸುವೆನೆಂದು ಹೇಳಿತು. 2016ರ ಆಗಸ್ಟಿನಲ್ಲಿ ಮುಚ್ಚಿತು. ನೂರಾರು ಮಂದಿಯ ಕೆಲಸ ಹೋಯಿತು. ಓಲಾದ ಬಳಿ ಕಾರುಗಳಿದ್ದುವು, ಆ್ಯಪ್ ಇತ್ತು, ಎಲ್ಲವೂ ಇತ್ತು. ಅದು ಕೊಂಡದ್ದು ಊಬರಿನ ಕೈಗೆ ಸಿಕ್ಕಬಾರದೆಂಬುದಕ್ಕಾಗಿಯೆಂದು ಆಗಲೇ ಹಲವರು ಹೇಳಿದ್ದರು.

ಹಿರಿಯರು: ಎರಡಕ್ಕೂ ಒಂದೊಂದು ಸಾಕ್ಷಿ ದೊರೆತಂತಾಯಿತು.

ತರುಣ: ಆದರೆ ನನ್ನದೊಂದು ಆಕ್ಷೇಪವಿದೆ. 2012ರಲ್ಲಿ ಫೇಸ್‌ಬುಕ್ 100 ಕೋಟಿ ಡಾಲರಿಗೆ ಇನ್‌ಸ್ಟಾಗ್ರಾಮನ್ನು ಕೊಂಡಿತು. 2020ರಲ್ಲಿ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಹೊರಬಿದ್ದ ಪತ್ರಗಳನ್ನು ನೋಡಿದರೆ, ಮುಂದೆ ತನಗೆ ಎದುರಾಗಬಹುದಾದವನನ್ನು ಮೊದಲೇ ಇಲ್ಲವಾಗಿಸುವ ಉದ್ದೇಶವು ಆ ಖರೀದಿಯಲ್ಲಿ ಇತ್ತೆಂಬುದು ತಿಳಿಯುತ್ತದೆ. ಹೆದರಿಕೊಂಡೇ ಕೊಂಡರು, ಆದರೆ ಮುಚ್ಚಲಿಲ್ಲ, ಮುಂಚಿಗಿಂತ ನೂರು ಪಾಲು ಬೆಳೆಸಿದರು.

ಹಿರಿಯರು: ಫೋನಿನಲ್ಲಿ ಚಿತ್ರಗಳನ್ನು ಹಂಚಿಕೊಳ್ಳುವ ಜನ ಅದುವರೆಗೆ ಫೇಸ್‌ಬುಕ್ಕಿನ ಬಳಿ ಇದ್ದರೆ?

ತರುಣ: ಅಷ್ಟಾಗಿ ಇರಲಿಲ್ಲ. ಅದು ಕಂಪ್ಯೂಟರಿನ ಮುಂದೆ ಕೂತವರಿಗಾಗಿ ಹುಟ್ಟಿದ್ದು. ಫೋನಿಗೆ ಹೊಂದಿಕೊಳ್ಳಲು ಆಗ ಒದ್ದಾಡುತ್ತಿತ್ತು.

ಹಿರಿಯರು: ಹಾಗಾದರೆ ಭಯದ ಜೊತೆಗೆ ಕೊರತೆಯೂ ಇತ್ತು, ಕಾಪಾಡಿದ್ದು ಕೊರತೆ. ಮನುಷ್ಯರ ಕೆಲಸಗಳಲ್ಲಿ ಒಂದೇ ಕಾರಣ ಶುದ್ಧವಾಗಿ ದೊರೆಯುವುದು ಅಪರೂಪ. ಎರಡರಲ್ಲಿ ಯಾವುದು ಹೆಚ್ಚಿನದೆಂದು ತೂಗಬೇಕು. ನನ್ನ ನಿಯಮ ಎಲ್ಲಕ್ಕೂ ಹೊಂದುವುದೆಂದು ನಾನು ಸಾಧಿಸುತ್ತಿಲ್ಲ. 2022ರಲ್ಲಿ ಎಲಾನ್ ಮಸ್ಕ್ 4,400 ಕೋಟಿ ಡಾಲರು ಕೊಟ್ಟು ಟ್ವಿಟ್ಟರನ್ನು ಕೊಂಡದ್ದು ಯಾವ ಕೊರತೆಯಿಂದ, ಯಾವ ಭಯದಿಂದ ಎಂದು ಕೇಳಿದರೆ ನಾನು ಸುಮ್ಮನಾಗಬೇಕಾದೀತು.

ತರುಣ: ಟ್ವಿಟ್ಟರಿನ ಹೆಸರೆತ್ತಿದಿರಿ. ನನಗೆ ಇವೆಲ್ಲಕ್ಕಿಂತ ನೋವಾದ ಪ್ರಸಂಗವೊಂದಿದೆ; ಅದನ್ನು ನಿಮ್ಮ ಮುಂದಿಡಬೇಕೆಂದೇ ಇದ್ದೆ. ಟ್ಯಾಕ್ಸಿಫಾರ್‌ಶ್ಯೂರಿನ ಆ ಅಪ್ರಮೇಯ ರಾಧಾಕೃಷ್ಣರೇ ಮಯಾಂಕ್ ಬಿಡವಟ್ಕ ಎಂಬ ಇನ್ನೊಬ್ಬರೊಡನೆ ಸೇರಿ, 2020ರಲ್ಲಿ ಬೆಂಗಳೂರಿನಲ್ಲಿ ಕೂ ಎಂಬ ತಾಣವನ್ನು ಕಟ್ಟಿದರು. ಟ್ವಿಟ್ಟರಿನಂತೆ ಸಣ್ಣ ಸಣ್ಣ ಮಾತುಗಳನ್ನು ಹಾಕುವ ತಾಣ. ಆದರೆ ಮುಖ್ಯವಾಗಿ ದೇಶಭಾಷೆಗಳಲ್ಲಿ. ಮೊದಲು ಹೊರಬಂದದ್ದೇ ಕನ್ನಡದಲ್ಲಿ. ಇಂಥದೊಂದು ಯಂತ್ರವು ಕನ್ನಡದಲ್ಲಿ ಹುಟ್ಟಿ ಆಮೇಲೆ ಬೇರೆ ಭಾಷೆಗಳಿಗೆ ಹೋಯಿತೆಂಬುದು ನನ್ನಂಥವನಿಗೆ ಎಷ್ಟು ಅಭಿಮಾನದ ಸಂಗತಿಯಾಗಿತ್ತೆಂದು ಹೇಳಲಾರೆ. ಸಾಮಾನ್ಯವಾಗಿ ನಾವು ಪಂಕ್ತಿಯ ಕೊನೆಯಲ್ಲಿ ಕಾದು ಕುಳಿತವರು. ಅದೇ ವರ್ಷದ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದು ಬಹುಮಾನ ಪಡೆಯಿತು. 2021ರ ಫೆಬ್ರವರಿಯಲ್ಲಿ ಸರ್ಕಾರಕ್ಕೂ ಟ್ವಿಟ್ಟರಿಗೂ ವಿವಾದವೆದ್ದಾಗ ಮಂತ್ರಿಗಳೇ ಅಲ್ಲಿ ಖಾತೆ ತೆರೆದರು. ಟೈಗರ್ ಗ್ಲೋಬಲ್ ಹಣ ಹಾಕಿತು. ಒಂದು ಹಂತದಲ್ಲಿ ದಿನಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಅಲ್ಲಿಗೆ ಬರುತ್ತಿದ್ದರು.

ಹಿರಿಯರು: ಹಳದಿ ಹಕ್ಕಿಯ ಗುರುತು ಅದರದಲ್ಲವೆ? ಅದು ನಿಂತುಹೋಯಿತೆಂದು ಓದಿದ ನೆನಪು.

ತರುಣ: ಹೌದು. 2022ರ ನಂತರ ಜಗತ್ತಿನಲ್ಲೆಲ್ಲ ಹೊಸ ಉದ್ಯಮಗಳಿಗೆ ಹೂಡಿಕೆಯು ಇಳಿಮುಖವಾಯಿತು. ಜನರ ಮಾತನ್ನು ಹೊತ್ತು ನಿಲ್ಲುವ ತಾಣಕ್ಕೆ ಯಂತ್ರಗಳ ವೆಚ್ಚ ಅಪಾರ. ಜಾಹೀರಾತಿನ ಆದಾಯ ಅಷ್ಟು ಬೇಗ ಬಾರದು. ಯಾರಾದರೂ ಕೊಳ್ಳುತ್ತಾರೆಂಬ ಮಾತುಕತೆ ಸಾಗಿತು. ಬೆಂಗಳೂರಿನದೇ ಆದ ಸುದ್ದಿಯ ಸಂಸ್ಥೆ ಡೈಲಿಹಂಟ್ ಕೊಂಡುಕೊಳ್ಳುವುದೆಂಬ ಸುದ್ದಿ 2024ರಲ್ಲಿ ತಿಂಗಳುಗಟ್ಟಲೆ ಓಡಾಡಿತು. ನಾವೆಲ್ಲ ಅದು ನಿಜವಾಗಲೆಂದು ಹಾರೈಸಿದೆವು. ದೊಡ್ಡ ದೊಡ್ಡ ಅಂತರ್ಜಾಲ ಕಂಪನಿಗಳೊಡನೆ, ಉದ್ಯಮಸಮೂಹಗಳೊಡನೆ, ಮಾಧ್ಯಮಸಂಸ್ಥೆಗಳೊಡನೆ ನಡೆಸಿದ ಮಾತುಕತೆ ಫಲಿಸಲಿಲ್ಲವೆಂದು ತಿಳಿಸಿ, ಆ ವರ್ಷದ ಜುಲೈ 3ರಂದು ಸ್ಥಾಪಕರು ತಾಣವನ್ನು ಮುಚ್ಚುವುದಾಗಿ ಪ್ರಕಟಿಸಿದರು. ಅಷ್ಟು ಜನ ಪ್ರೀತಿಸಿದ್ದನ್ನು ಒಬ್ಬರಾದರೂ ಏಕೆ ಕೊಳ್ಳಲಿಲ್ಲ, ದೊಡ್ಡಪ್ಪ?

ಹಿರಿಯರು: ಪ್ರೀತಿಯು ಕೊಳ್ಳುವವನ ಲೆಕ್ಕದಲ್ಲಿ ಬರುವುದಿಲ್ಲವೆಂದಲ್ಲ, ಅದರಿಂದ ತನ್ನ ಯಾವ ಕೊರತೆ ನೀಗುವುದೆಂದು ಅವನು ಕೇಳುತ್ತಾನೆ. ಸುದ್ದಿಯ ಸಂಸ್ಥೆಗೆ ಓದುಗರು ಆಗಲೇ ಇದ್ದರು, ದೇಶಭಾಷೆಗಳೂ ಇದ್ದುವು. ದೊಡ್ಡ ತಾಣಗಳಿಗೆ ಕೂವಿನ ಭಯವಿರಲಿಲ್ಲ. ತಾವೇ ಕನ್ನಡದ ಅಕ್ಷರಗಳಿಗೆ ಎಡೆಮಾಡಿಕೊಟ್ಟಿದ್ದರಿಂದ, ಅದು ತಾನಾಗಿ ಸೊರಗುವವರೆಗೆ ಕಾಯುವುದು ಅವರಿಗೆ ಅಗ್ಗವಾಗಿತ್ತು. ಕೊರತೆಯೂ ಇಲ್ಲ, ಭಯವೂ ಇಲ್ಲ; ಆದುದರಿಂದ ಕೊಳ್ಳುವವನಿಲ್ಲ. ಒಬ್ಬರೇ ಮನುಷ್ಯರು ಕಟ್ಟಿದ ಎರಡು ಸಂಸ್ಥೆಗಳಲ್ಲಿ ಮಾರಾಟವಾದದ್ದೂ ಮುಚ್ಚಿತು, ಮಾರಾಟವಾಗದ್ದೂ ಮುಚ್ಚಿತು. ಹಾಗಿರುವಾಗ ನಿನ್ನ ಸಂಗಡಿಗರು ಮಾರಾಟವಾದರೆ ಬದುಕಿದೆವೆಂದು ತಿಳಿದಿದ್ದರೆ ಅದು ಸರಿಯಲ್ಲ. ಯಾವ ಕಾರಣಕ್ಕೆ ಮಾರಾಟವಾಗುವುದೆಂಬುದರ ಮೇಲೆ ಬದುಕು ನಿಂತಿದೆ. ಇನ್ನೊಂದನ್ನು ಕೇಳುತ್ತೇನೆ: ಅಲ್ಲಿ ಕನ್ನಡದಲ್ಲಿ ಬರೆದವರ ಬರಹವೇನಾಯಿತು?

ತರುಣ: ತಾಣದ ಜೊತೆಗೆ ಹೋಯಿತು. ಪ್ರತಿಯಿಟ್ಟುಕೊಂಡವರ ಬಳಿ ಮಾತ್ರ ಉಳಿದಿರಬೇಕು. ಜಗತ್ತಿನಲ್ಲಿ ಇದು ಮೊದಲನೆಯದೇನಲ್ಲ. 1999ರಲ್ಲಿ ಯಾಹೂ ಸಂಸ್ಥೆಯು ಜಿಯೋಸಿಟೀಸ್ ಎಂಬುದನ್ನು ಕೊಂಡಿತು. ಸಾಮಾನ್ಯ ಜನರು ತಮ್ಮ ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದ ಊರಿನಂಥ ತಾಣ ಅದು. 2009ರಲ್ಲಿ ಮುಚ್ಚಿದಾಗ, ಸ್ವಯಂಸೇವಕರು ಅಹೋರಾತ್ರಿ ದುಡಿದು ಪ್ರತಿ ತೆಗೆದಿಟ್ಟದ್ದರಿಂದ ಒಂದಷ್ಟು ಉಳಿಯಿತು. ಅದೇ ಯಾಹೂವಿಗೆ 2008ರಲ್ಲಿ ಮೈಕ್ರೋಸಾಫ್ಟ್ 4,460 ಕೋಟಿ ಡಾಲರು ಕೊಡಲು ಬಂದಿತ್ತು. ಆಡಳಿತ ಮಂಡಲಿಯವರು ಸಾಲದೆಂದರು. 2017ರಲ್ಲಿ ಅದರ ಮುಖ್ಯ ವ್ಯವಹಾರವು ವೆರೈಝನ್ ಕಂಪನಿಗೆ ಹೋದದ್ದು 448 ಕೋಟಿಗೆ.

ಹಿರಿಯರು: ಕೊರತೆಯುಳ್ಳವನು ಬಾಗಿಲಿಗೆ ಬಂದಾಗ ಕಳುಹಿಸಿದರು. ಒಂಬತ್ತು ವರ್ಷಗಳ ಮೇಲೆ ಆ ಕೊರತೆ ಯಾರಿಗೂ ಉಳಿದಿರಲಿಲ್ಲ.

ತರುಣ: ಒಂದು ಸಮಾಧಾನದ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಬಿಗ್‌ಬಾಸ್ಕೆಟ್, 2011ರಲ್ಲಿ ಶುರುವಾದದ್ದು, ಮನೆಗೆ ದಿನಸಿ ತರಕಾರಿ ತಲುಪಿಸುವುದು. ಅದರಲ್ಲಿ ದೊಡ್ಡ ಪಾಲು ಚೀನದ ಅಲಿಬಾಬಾ ಸಂಸ್ಥೆಯದಾಗಿತ್ತು. 2020ರ ಏಪ್ರಿಲಿನಲ್ಲಿ, ಭಾರತದೊಡನೆ ಗಡಿ ಹಂಚಿಕೊಂಡಿರುವ ದೇಶಗಳ ಬಂಡವಾಳಕ್ಕೆ ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ ಬಂದ ಮೇಲೆ, ಆ ಹಣದ ದಾರಿ ಮುಚ್ಚಿದಂತಾಯಿತು. 2021ರ ಮೇ ತಿಂಗಳಿನಲ್ಲಿ ಟಾಟಾ ಡಿಜಿಟಲ್ ಅದರ ಅಧಿಕಾಂಶ ಪಾಲನ್ನು ಪಡೆಯಿತು. ಟಾಟಾ ಸಮೂಹದಲ್ಲಿ ಉಪ್ಪು, ಚಹ, ಗಡಿಯಾರ, ಆಭರಣ ಎಲ್ಲವೂ ಇದ್ದು, ಪ್ರತಿದಿನವೂ ಮನೆಬಾಗಿಲಿಗೆ ಹೋಗುವ ಕೈ ಇರಲಿಲ್ಲ. ಅದು ಇಂದಿಗೂ ನಡೆಯುತ್ತಿದೆ.

ಹಿರಿಯರು: ನೀನು ಹೇಳಿದ ಈ ಕಥೆಗಳಲ್ಲೆಲ್ಲ ನನಗೊಂದು ಸಂಗತಿ ಚುಚ್ಚುತ್ತಿದೆ. ಹೂಡಿಕೆದಾರರನ್ನು ಕೇಳಿದರು, ಆಯೋಗವನ್ನು ಕೇಳಿದರು, ಸ್ಥಾಪಕರನ್ನು ಸ್ವಲ್ಪಮಟ್ಟಿಗೆ ಕೇಳಿದರು. ಆ ಅಂಗಡಿಗಳಲ್ಲಿ ಸರಕನ್ನಿಟ್ಟು ಮಾರಿದ ವರ್ತಕನನ್ನು, ಮಳೆಯಲ್ಲಿ ಗಾಡಿ ಓಡಿಸಿದವನನ್ನು, ಬರೆದವನನ್ನು, ಕೊಂಡವನನ್ನು ಯಾರೂ ಕೇಳಲಿಲ್ಲ. ಆ ಸಂಸ್ಥೆಗಳಿಗೆ ಬೆಲೆ ಬಂದದ್ದೇ ಇವರಿಂದ. 2018ರಲ್ಲಿ ವರ್ತಕರ ಒಕ್ಕೂಟದವರು ವಾಲ್‌ಮಾರ್ಟಿನ ಖರೀದಿಯನ್ನು ಬೀದಿಗಿಳಿದು ವಿರೋಧಿಸಿದರಷ್ಟೆ, ಅವರಿಗೆ ಮತವಿರಲಿಲ್ಲ. ಅಡಿಕೆ ಬೆಳೆಗಾರನಾದ ನನಗೆ ಇದು ಅನ್ಯಾಯವಾಗಿ ತೋರುತ್ತದೆ. ಏಕೆಂದರೆ ನಾವು ಬೇರೊಂದು ವ್ಯವಸ್ಥೆಯಲ್ಲಿ ಬದುಕಿ ನೋಡಿದವರು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಂದಿನಿಂದ ಈ ನಾಡಿನಲ್ಲಿ ಆ ಮಾರ್ಗವಿದೆ. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ತಲೆಯ ಮೇಲೆ ಕೈಹೊತ್ತು ಕುಳಿತಾಗ, 1973ರಲ್ಲಿ ಕರ್ನಾಟಕ ಕೇರಳಗಳ ಬೆಳೆಗಾರರು, ಕಾಸರಗೋಡಿನವರೂ ಕೂಡಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿಕೊಂಡರು. ನಮ್ಮ ಚನ್ನಗಿರಿಯಲ್ಲಿ ತುಮ್ಕೋಸ್ ಎಂಬ ಬೆಳೆಗಾರರ ಸಹಕಾರ ಸಂಘವಿದೆ. ಅಲ್ಲಿ ನೂರು ಎಕರೆಯವನಿಗೂ ಒಂದೇ ಮತ, ಹತ್ತು ಗುಂಟೆಯವನಿಗೂ ಒಂದೇ ಮತ. ತುಮ್ಕೋಸನ್ನು ಯಾರು ಕೊಂಡಾರೆಂದು ಚನ್ನಗಿರಿಯ ಹೋಟೆಲಿನಲ್ಲಿ ಕುಳಿತು ಯಾರೂ ಊಹಿಸುವುದಿಲ್ಲ. ಸದಸ್ಯರೇ ಒಡೆಯರಾಗಿರುವುದನ್ನು ಹೊರಗಿನವನು ಷೇರು ಕೊಂಡು ಕೈವಶ ಮಾಡಿಕೊಳ್ಳಲಾರ.

ತರುಣ: ಅದು ಸತ್ಯ. ಆದರೆ ದೊಡ್ಡಪ್ಪ, ಸಂಘವು ಸದಸ್ಯರ ಷೇರು ಹಣದಿಂದ ಗೋದಾಮು ಕಟ್ಟೀತು. ವರ್ಷಕ್ಕೆ ನೂರಾರು ಕೋಟಿ ನಷ್ಟವನ್ನು ಹೊತ್ತು, ಹತ್ತು ವರ್ಷ ಕಾದು, ಒಂದು ಫ್ಲಿಪ್‌ಕಾರ್ಟನ್ನು ಕಟ್ಟೀತೆ? ನಷ್ಟವನ್ನು ಸಹಿಸುವ ಹಣ ಹೂಡಿಕೆದಾರನದು ಮಾತ್ರ. ಸಂಘಗಳಲ್ಲಿಯೂ ಚುನಾವಣೆಯ ಪಕ್ಷಗಳುಂಟು, ಹಿಡಿತಗಳುಂಟು.

ಹಿರಿಯರು: ಒಪ್ಪುತ್ತೇನೆ. ಜಗತ್ತಿಗೆಲ್ಲ ಸರಕು ಹಂಚುವ ಅಂಗಡಿಯನ್ನು ಸಂಘ ಕಟ್ಟಲಾರದು. ಆದರೆ ನಿಮ್ಮ ಕಂಪನಿ ಅಂಥದೇನಲ್ಲ. ಈಗ ಅದರ ವಿಷಯಕ್ಕೆ ಬರೋಣ. ನಿಮ್ಮ ಆ್ಯಪ್ ತೋರಿಸುವ ಧಾರಣೆ ಎಲ್ಲಿಂದ ಬರುತ್ತದೆ?

ತರುಣ: ಮಾರುಕಟ್ಟೆ ಸಮಿತಿಗಳಿಂದ. 2014ರಲ್ಲಿ ಕರ್ನಾಟಕ ಸರ್ಕಾರವೂ ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್‌ನ ಅಂಗಸಂಸ್ಥೆಯೂ ಸಮಪಾಲಿನಲ್ಲಿ ಸೇರಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯನ್ನು ಕಟ್ಟಿದ ಮೇಲೆ, ಎಪಿಎಂಸಿ ಎನ್ನುವ ಆ ಸಮಿತಿಗಳ ಇ-ಟೆಂಡರಿನ ಬೆಲೆಗಳು ಅಂತರ್ಜಾಲದಲ್ಲಿ ಬರುತ್ತವೆ. ಕೇಂದ್ರದ ಇಂಥದೇ ವ್ಯವಸ್ಥೆಯಾದ ಇ-ನಾಮ್ 2016ರಲ್ಲಿ ಬಂದದ್ದು. ನಾವು ಅವನ್ನೇ ಒಟ್ಟುಗೂಡಿಸಿ ಕನ್ನಡದಲ್ಲಿ ಅಂದವಾಗಿ ತೋರಿಸುತ್ತೇವೆ.

ಹಿರಿಯರು: ಧಾರಣೆ ಸಾರ್ವಜನಿಕವಾದದ್ದು, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆ್ಯಪ್ ಕಟ್ಟುವ ವಿದ್ಯೆ ಬೆಂಗಳೂರಿನಲ್ಲಿ ಸಾವಿರಾರು ಮಂದಿಗೆ ಬರುತ್ತದೆ. ಇನ್ನು ನಿಮ್ಮಲ್ಲಿ ಮಾತ್ರ ಇರುವುದೇನು?

ತರುಣ: ಬೆಳೆಗಾರರ ಲೆಕ್ಕಗಳು.

ಹಿರಿಯರು: ನನ್ನ ತೋಟದ ವಿಸ್ತೀರ್ಣ, ಇಳುವರಿ, ಯಾವ ರೋಗ ಎಂದು ಬಂದಿತು, ಯಾವ ಔಷಧಿ ಹೊಡೆಸಿದೆ, ಕೈಯಲ್ಲಿ ಹಣ ಯಾವ ತಿಂಗಳಿನಲ್ಲಿ ಇರುವುದಿಲ್ಲ. ಇವುಗಳ ಕೊರತೆ ಯಾರಿಗಿದೆ?

ತರುಣ: ಸಾಲ ಕೊಡುವವರಿಗೆ. ಗೊಬ್ಬರ ಔಷಧಿ ಮಾರುವವರಿಗೆ. ಬೆಳೆವಿಮೆಯವರಿಗೆ. ಭಯಪಡುವ ಎದುರಾಳಿ ನಮಗೆ ಯಾರೂ ಇಲ್ಲ. ಹಾಗಾದರೆ ನನ್ನ ಸಂಗಡಿಗರು ಹೇಳುವ ಮೂರು ಹೆಸರುಗಳೂ ಸುಳ್ಳಾಗುತ್ತವೆ. ಕೊಳ್ಳುವವರು ಬಂದರೆ ರೈತನಿಗೆ ಏನನ್ನಾದರೂ ಮಾರುವ, ಇಲ್ಲವೆ ಸಾಲ ಕೊಡುವ ಸಂಸ್ಥೆಯೇ ಬರುವುದು.

ಹಿರಿಯರು: ನನ್ನ ತೀರ್ಮಾನವೂ ಅದೇ. ನಿನ್ನ ಉದ್ಯೋಗ ಬಹುಶಃ ಉಳಿದೀತು. ಆದರೆ ಮಾರಾಟಕ್ಕಿರುವ ಸರಕು ನಿಮ್ಮ ಕಂಪನಿಯಲ್ಲ, ನಾವು. ಭದ್ರೆಯ ನೀರು ಏತ ನೀರಾವರಿಯಿಂದ ನಮ್ಮ ಕೆರೆಗಳಿಗೆ ಬರುವಂತಾದ ಮೇಲೆ ಈ ಹೋಬಳಿಯಲ್ಲಿ ಹೊಸದಾಗಿ ತೋಟ ಮಾಡಿದವರ ವರ್ಷಗಳ ಅನುಭವ ಆ ಲೆಕ್ಕಗಳಲ್ಲಿದೆ. ಅವನ್ನು ನಮಗೆ ಹಿಂದಿರುಗಿಸಿರೆಂದು ಕೇಳಲು ಕಾನೂನಿನಲ್ಲಿ ಎಡೆಯುಂಟೆ?

ತರುಣ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ತಿದ್ದಿರೆಂದು, ಅಳಿಸಿರೆಂದು ಕೇಳುವ ಹಕ್ಕಿದೆ. ನನ್ನದನ್ನೆಲ್ಲ ಒಂದು ಕಟ್ಟಾಗಿ ಕೊಡಿ, ಬೇರೆಡೆಗೆ ಒಯ್ಯುತ್ತೇನೆ ಎಂದು ಕೇಳುವ ಹಕ್ಕನ್ನು ಅದರಲ್ಲಿ ಇಟ್ಟಿಲ್ಲ.

ಹಿರಿಯರು: ಕಾನೂನು ಕೊಡದಿದ್ದುದನ್ನು ಕಂಪನಿಯು ತಾನಾಗಿ ಕೊಡಬಾರದೆಂದೇನಿಲ್ಲವಷ್ಟೆ. ಪ್ರತಿಯೊಬ್ಬನೂ ತನ್ನ ಲೆಕ್ಕದ ಪ್ರತಿಯನ್ನು ಇಳಿಸಿಕೊಳ್ಳುವಂತೆ ಮಾಡುವುದು ಕಷ್ಟದ ಕೆಲಸವೆ?

ತರುಣ: ಕಷ್ಟವಲ್ಲ. ಆ ಭಾಗವನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಒಡೆತನ ಬದಲಾದ ಮೇಲೆ ಕೇಳಿದರೆ ಕೊಂಡವರ ವಕೀಲರು ಒಪ್ಪಲಾರರು. ಈಗಲಾದರೆ ನಮ್ಮ ಮೇಲಧಿಕಾರಿಯೇ ಒಪ್ಪಬಲ್ಲರು.

ಹಿರಿಯರು: ಹಾಗಾದರೆ ಬೆಂಗಳೂರಿಗೆ ಹೋದ ದಿನವೇ ಕೇಳು, ಮಾರಾಟದ ಕಾಗದಕ್ಕೆ ರುಜು ಬೀಳುವ ಮುಂಚೆ ಅದು ಆಗಬೇಕು. ಇತ್ತ ನಾನು ನಮ್ಮ ಹೋಬಳಿಯಲ್ಲಿ ಆ ಆ್ಯಪ್ ಬಳಸುವ ಬೆಳೆಗಾರರನ್ನೆಲ್ಲ ಕಂಡು, ದಾರಿ ತೆರೆದೊಡನೆ ತಮ್ಮ ತಮ್ಮ ಲೆಕ್ಕವನ್ನು ಇಳಿಸಿಕೊಂಡು, ಒಂದು ಪ್ರತಿಯನ್ನು ಮುದ್ರಿಸಿ ಮನೆಯಲ್ಲಿಟ್ಟುಕೊಳ್ಳಿರೆಂದು ಹೇಳುತ್ತೇನೆ. ತುಮ್ಕೋಸಿನ ಮುಂದಿನ ಸಭೆಯಲ್ಲಿ, ಇಂಥ ಲೆಕ್ಕಪುಸ್ತಕವನ್ನು ಸಂಘವೇ ಇಡಬಾರದೇಕೆಂಬ ಪ್ರಶ್ನೆಯನ್ನೂ ಎತ್ತುತ್ತೇನೆ. ನೀನು ಅಂದು ಬಂದು ಸದಸ್ಯರಿಗೆ ಕೆಲಸದ ವಿವರವನ್ನು ತಿಳಿಸಿಕೊಡು.